ಶರಪಂಜರದ ದಂಪತಿಗಳು: ಕ್ಷಮೆಗೆ ಎರಡು ತಕ್ಕಡಿಗಳುಂಟೆ?

ಕಳೆದ ಚೈತ್ರಮಾಸದ ಒಂದು ಸಾಯಂಕಾಲ, ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಮಗ ಸೊಸೆಯರೊಡನೆ ಕುಳಿತು 'ಶರಪಂಜರ'ವೆಂಬ ಚಲಚ್ಚಿತ್ರವನ್ನು ಮತ್ತೊಮ್ಮೆ ನೋಡುವ ಸಂದರ್ಭವೊದಗಿತು. ತ್ರಿವೇಣಿಯವರ (1928-1963) ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರವು 1971ರಲ್ಲಿ ತೆರೆಕಂಡಾಗ ನಾನಿನ್ನೂ ಬಾಲಕ. ಅಂದು ಹಿರಿಯರು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡಿದ್ದೆನೇ ಹೊರತು ಕಾರಣವನ್ನು ಅರಿತಿರಲಿಲ್ಲ. ಈ ಸಲ ಚಿತ್ರವು ಮುಗಿದ ಮೇಲೆ ಸೊಸೆಯು, "ಮಾವ, ಈ ಕಥೆಯಲ್ಲಿ ಕ್ಷಮೆ ಕೇಳಬೇಕಾದವರು ಯಾರು?" ಎಂದಳು. ನಾಲ್ಕು ದಶಕಗಳ ಕಾಲ ಮಕ್ಕಳಿಗೆ ಪಾಠ ಹೇಳಿದ ನನಗೆ ಒಡನೆಯೇ ಉತ್ತರವು ತೋರಲಿಲ್ಲ. ಆ ಪ್ರಶ್ನೆಯ ವಿಚಾರವೇ ಈ ಲೇಖನ.

ಕಥೆಯು ಬಹುಮಂದಿ ವಾಚಕರಿಗೆ ತಿಳಿದದ್ದೇ. ಕಾವೇರಿ, ಸತೀಶರದು ಅನ್ಯೋನ್ಯ ದಾಂಪತ್ಯ. ಎರಡನೆಯ ಮಗುವಿನ ಕಾಲದಲ್ಲಿ ಕಾವೇರಿಗೆ ಚಿತ್ತವಿಭ್ರಮೆಯುಂಟಾಗುತ್ತದೆ. ವಿವಾಹಕ್ಕೆ ಮುನ್ನ ಆಕೆಯ ಬಾಳಿನಲ್ಲಿ ನಡೆದುಹೋಗಿದ್ದ ಪ್ರಸಂಗವೊಂದು ಆ ವಿಭ್ರಮೆಯಲ್ಲಿ ಹೊರಬೀಳುತ್ತದೆ. ಚಿಕಿತ್ಸೆಯಿಂದ ಗುಣವಾಗಿ ಆಕೆ ಮನೆಗೆ ಹಿಂದಿರುಗುತ್ತಾಳೆ. ಆದರೆ ಬಿಟ್ಟುಹೋದ ಮನೆ ಅಲ್ಲಿರುವುದಿಲ್ಲ. ಗಂಡನು ದೂರ ಸರಿದಿದ್ದಾನೆ. ನೆರೆಹೊರೆಯ ಕಣ್ಣಿನಲ್ಲಿ ಸಂಶಯವಿದೆ. ಆಕೆ ನಕ್ಕರೂ ಅತ್ತರೂ ಅದು ಹುಚ್ಚಿನ ಲಕ್ಷಣವೇ. ಕಡೆಗೆ ಗಂಡನಿಗೆ ಸಹೋದ್ಯೋಗಿನಿ ವಿಮಲೆಯೊಡನೆ ಸಂಬಂಧವುಂಟೆಂದು ಕಂಡುಕೊಂಡಾಗ ಆಕೆಯ ಮನಸ್ಸು ಮತ್ತೆ ಮುರಿಯುತ್ತದೆ. ಕಲ್ಪನಾ ಅವರು ಕಾವೇರಿಯಾಗಿಯೂ ಗಂಗಾಧರರು ಸತೀಶನಾಗಿಯೂ ಅಭಿನಯಿಸಿದರು.

ಇಲ್ಲಿ ಎರಡು ತಪ್ಪುಗಳಿವೆ. ಒಂದು ಹೆಂಡತಿಯದು, ಇನ್ನೊಂದು ಗಂಡನದು. ಮೊದಲನೆಯದು ವಿವಾಹಕ್ಕೆ ಹಿಂದಿನದು, ಮುಗಿದುಹೋದದ್ದು. ಎರಡನೆಯದು ವಿವಾಹದ ನಡುವಿನದು, ನಡೆಯುತ್ತಲೇ ಇರುವುದು. ಮಾತುಕೊಡುವ ಮೊದಲು ನಡೆದದ್ದನ್ನು ಮಾತು ಮುರಿದದ್ದೆಂದು ಎಣಿಸಲಾಗದು. ನಮ್ಮ ವಿವಾಹವಿಧಿಯಲ್ಲಿ ಧರ್ಮಾರ್ಥಕಾಮಗಳಲ್ಲಿ ಈಕೆಯನ್ನು ಮೀರಿ ನಡೆಯಕೂಡದೆಂದು ಕನ್ಯಾಪಿತನು ವರನಿಗೆ ಹೇಳುತ್ತಾನೆ. "ನಾತಿಚರಾಮಿ" ಎಂದು ಒಪ್ಪಿ ನುಡಿಯುವವನು ವರನು. ಹುಡುಗರಿಗೆ ಸಂಸ್ಕೃತ ಪಾಠ ಹೇಳುವಾಗ ಈ ಪದವನ್ನು ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಆ ಮಾತನ್ನು ಆಡಿದವನ ಮೇಲೆಯೇ ಅದರ ಭಾರವು ಮೊದಲು ಬೀಳಬೇಕೆಂಬುದು ಮಾತ್ರ ನನಗೆ ತಡವಾಗಿ ಹೊಳೆಯಿತು.

ಇಲ್ಲಿ ಆಕ್ಷೇಪಗಳುಂಟು. ಅವನ್ನು ಪೂರ್ವಪಕ್ಷವಾಗಿಟ್ಟು ನೋಡೋಣ.

ಮೊದಲನೆಯದು: ಕಾವೇರಿಯು ತನ್ನ ಹಿಂದಣ ವೃತ್ತಾಂತವನ್ನು ಗಂಡನಿಂದ ಮುಚ್ಚಿಟ್ಟಳಲ್ಲವೆ? ಮುಚ್ಚಿಟ್ಟಳು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಕೆ ಮುಚ್ಚಿಟ್ಟದ್ದು ಸಂಸಾರವನ್ನು ಉಳಿಸಿಕೊಳ್ಳುವ ಭಯದಿಂದ. ಸತೀಶನು ಮುಚ್ಚಿಟ್ಟದ್ದು ಅದನ್ನು ಒಡೆಯುತ್ತಿದ್ದಾಗಲೇ. ಗೋಪನವೇ ದೋಷವೆಂದಾದರೆ ಅದರ ಪಾಲು ಅವನಿಗೇ ಹೆಚ್ಚು.

ಎರಡನೆಯದು: ಸತೀಶನೂ ಮನುಷ್ಯನೇ. ಹೆಂಡತಿಯು ಆಸ್ಪತ್ರೆಯಲ್ಲಿ, ಮನೆಯಲ್ಲಿ ಮಕ್ಕಳು, ಏಕಾಂತ, ಅವಮಾನ. ಇಂತಹ ಸ್ಥಿತಿಯಲ್ಲಿ ಕಾಲು ಜಾರಿದರೆ ಅಷ್ಟು ನಿಷ್ಠುರವಾಗಿ ನುಡಿಯಬಹುದೆ? ಈ ಆಕ್ಷೇಪದಲ್ಲಿ ಕರುಣೆಯಿದೆ, ನಿಜ. ಆದರೆ ಕಾರಣವನ್ನು ಹೇಳುವುದು ಬೇರೆ, ಸಮರ್ಥಿಸುವುದು ಬೇರೆ. ಅದೂ ಅಲ್ಲದೆ, ಮಾನವಸಹಜ ದೌರ್ಬಲ್ಯವೆಂಬ ಮನ್ನಣೆಯು ಅವನಿಗೆ ಸಲ್ಲುವುದಾದರೆ ಕಾವೇರಿಗೇಕೆ ಸಲ್ಲಬಾರದು? ಸತೀಶನಿಗೆ ನಾವು ಕೊಡುವ ರಿಯಾಯಿತಿಯನ್ನು ಅವನು ಹೆಂಡತಿಗೆ ಕೊಡಲಿಲ್ಲವೆಂಬುದೇ ಕಥೆಯ ಮರ್ಮ.

ಮೂರನೆಯದು ಹಳೆಯದು: ವಂಶಶುದ್ಧಿಯ ಕಾರಣದಿಂದ ಸ್ತ್ರೀಯ ನಡತೆಗೆ ಕಟ್ಟು ಹೆಚ್ಚೆಂಬುದು. ಈ ಭಾವನೆಯು ಶಾಸ್ತ್ರದಲ್ಲಿ ಮಾತ್ರವಲ್ಲ, ಆಂಗ್ಲರು 1860ರಲ್ಲಿ ರಚಿಸಿದ ದಂಡಸಂಹಿತೆಯಲ್ಲಿಯೂ ಇತ್ತು. ಅದರ 497ನೆಯ ವಿಧಿಯ ಪ್ರಕಾರ, ಪರಪತ್ನಿಯೊಡನೆ ಆಕೆಯ ಗಂಡನ ಸಮ್ಮತಿಯಿಲ್ಲದೆ ಸೇರಿದ ಪುರುಷನು ಅಪರಾಧಿ. ಗಂಡನ ಸಮ್ಮತಿಯಿದ್ದರೆ ಅಪರಾಧವಿಲ್ಲ. ಅವಿವಾಹಿತೆಯೊಡನೆ ಸೇರಿದ ವಿವಾಹಿತ ಪುರುಷನ ಮೇಲೆ ಅವನ ಹೆಂಡತಿಗೆ ದೂರಿಲ್ಲ. ಹೆಂಡತಿಯನ್ನು ಗಂಡನ ಸ್ವತ್ತೆಂದು ಬಗೆದ ಈ ವಿಧಿಯನ್ನು 2018ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿತು. ದಾಂಪತ್ಯದ್ರೋಹವು ದಂಡನೀಯ ಅಪರಾಧವಲ್ಲದಿದ್ದರೂ ವಿವಾಹವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ. ಹಿಂದೂ ವಿವಾಹ ಕಾಯಿದೆಯಲ್ಲಿ ಅದು ಗಂಡಹೆಂಡಿರಿಬ್ಬರಿಗೂ ಸಮವಾಗಿ ಅನ್ವಯಿಸುತ್ತದೆ. ಕಾಯಿದೆಯು ತಕ್ಕಡಿಯನ್ನು ಸರಿಪಡಿಸಿಕೊಂಡಿತು. ಮನೆಯ ಜಗಲಿಯ ತಕ್ಕಡಿಯ ಮಾತೇನು?

ಈ ವಿಷಯದಲ್ಲಿ ಶಾಕುಂತಲದ ನೆನಪಾಗದಿರದು. ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಮರೆತಿರಲಿಲ್ಲ. ನೆನಪಿದ್ದೂ ಲೋಕಾಪವಾದಕ್ಕೆ ಅಂಜಿ ತುಂಬಿದ ಸಭೆಯಲ್ಲಿ ಅರಿಯೆನೆಂದನು. ಇದು ಧೀರನಾಯಕನಿಗೆ ಒಪ್ಪದೆಂದು ಕಾಳಿದಾಸನು ದುರ್ವಾಸನ ಶಾಪವನ್ನೂ ಉಂಗುರವನ್ನೂ ತಂದು ರಾಜನ ಮಾನವನ್ನು ಕಾಪಾಡಿದನು. ಮರೆವು ಶಾಪದ್ದು, ಮನಸ್ಸಿನದಲ್ಲ ಎಂದೊಡನೆ ಸಹೃದಯರೆಲ್ಲರೂ ಕ್ಷಮಿಸಿದರು. ಕಾವೇರಿಗಾದರೋ ಬಂದದ್ದು ಕವಿಕಲ್ಪಿತ ಶಾಪವಲ್ಲ, ನಿಜವಾದ ವ್ಯಾಧಿ. ನಮ್ಮ ಹೆಂಗಸರು ಬಾಣಂತಿಸನ್ನಿಯೆಂದು ಕರೆಯುವ ಈ ಬಗೆಯ ರೋಗವು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವುದೆಂದೂ, ಸಕಾಲದ ಚಿಕಿತ್ಸೆಯಿಂದ ಬಹುಮಟ್ಟಿಗೆ ಗುಣವಾಗುವುದೆಂದೂ ವೈದ್ಯರು ಹೇಳುತ್ತಾರೆ. ರಾಜನ ಮರೆವಿಗೆ ಶಾಪವೆಂಬ ನೆಪವನ್ನು ಒಪ್ಪಿದ ನಾವು, ಬಾಣಂತಿಯ ಪ್ರಲಾಪಕ್ಕೆ ರೋಗವೆಂಬ ನಿಜವನ್ನು ಒಪ್ಪುವುದಿಲ್ಲ. ಕ್ಷಮೆಗೆ ಎರಡು ತಕ್ಕಡಿಗಳೆಂದರೆ ಇದೇ.

ಇನ್ನು ನನ್ನ ಮಾತು. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿಯೇ ಒಂದು ಸಂಸಾರವಿತ್ತು. ಹೆಣ್ಣುಮಗಳು ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದಳು. ಆ ವರ್ಷದ ರಾಮನವಮಿಗೆ ಕೋಸಂಬರಿ ಪಾನಕಗಳನ್ನು ತಂದುಕೊಟ್ಟು, ನನ್ನ ಹೆಂಡತಿಯೊಡನೆ ಎರಡು ಮಾತಾಡಿ ಹೋದಳು. ಆಕೆ ಬಾಗಿಲು ದಾಟಿದೊಡನೆ ನಾನು, "ಮಕ್ಕಳಿಗೆ ಅದನ್ನು ಕೊಡಬೇಡ" ಎಂದೆ. ನನ್ನಾಕೆ ನನ್ನ ಮುಖವನ್ನು ನೋಡಿ ಏನೂ ಹೇಳದೆ ಒಳಕ್ಕೆ ಹೋದಳು. ಅದೇ ಮನೆಯ ಯಜಮಾನನಿಗೆ ಬೇರೊಂದು ಕಡೆ ಸಂಸಾರವಿದ್ದದ್ದು ಬೀದಿಗೆಲ್ಲ ತಿಳಿದ ಸಂಗತಿ. ಆದರೂ ದಿನವೂ ಬೆಳಿಗ್ಗೆ ಆತನೊಡನೆ ನಿಂತು ಪತ್ರಿಕೆಯ ಸುದ್ದಿಯನ್ನು ಚರ್ಚಿಸುತ್ತಿದ್ದೆ. ಆತನು ಕೊಟ್ಟ ಕಾಫಿಯನ್ನು ಕುಡಿಯುತ್ತಿದ್ದೆ. ಆ ಕಾಫಿಯಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಕೋಸಂಬರಿಯಲ್ಲಿ ಮಾತ್ರ ಕಂಡಿತು. ಕೆಲವು ತಿಂಗಳಲ್ಲಿ ಆಕೆ ತವರಿಗೆ ಹೊರಟುಹೋದಳು. ಹೋಗುವ ಮುನ್ನ ನಮ್ಮ ಮನೆಗೆ ಬರಲಿಲ್ಲ. ಬಾರದಿದ್ದುದಕ್ಕೆ ಕಾರಣವನ್ನು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಆದುದರಿಂದ ದಾಂಪತ್ಯದ್ರೋಹವು ಇಬ್ಬರ ನಡುವಿನ ಸಂಗತಿ ಮಾತ್ರವೆಂದು ಹೇಳಲು ನನಗೆ ಮನಸ್ಸಾಗದು. ದ್ರೋಹವನ್ನು ಮಾಡುವವನು ಒಬ್ಬನಾದರೂ, ಅದನ್ನು ಕಂಡೂ ಕಾಣದಂತಿದ್ದು, ನೊಂದವಳ ನಡತೆಯನ್ನೇ ಅಳೆಯುತ್ತ ಕೂರುವವರು ಹಲವರು. ಕಾವೇರಿಯನ್ನು ಸುತ್ತಿದ ಪಂಜರದಲ್ಲಿ ಸತೀಶನ ಬಾಣವೊಂದೇ ಇರಲಿಲ್ಲ. ಸಂಶಯದ ನೋಟ, ಪಿಸುಮಾತು, ಅರ್ಧಕ್ಕೆ ನಿಲ್ಲಿಸಿದ ಸಂಭಾಷಣೆ, ಒಳಗೆ ಕರೆದುಕೊಂಡ ಮಕ್ಕಳು, ಇವೆಲ್ಲವೂ ಬಾಣಗಳೇ. ಗಂಡನು ಕೈಬಿಟ್ಟರೂ ಒಬ್ಬ ನೆರೆಯವಳು ಆಕೆಯನ್ನು ನಂಬಿದ್ದರೆ ಕಥೆಯು ಬೇರೆಯಾಗುತ್ತಿತ್ತೋ ಏನೋ.

ಹಾಗಾದರೆ ಎಲ್ಲವನ್ನೂ ಕ್ಷಮಿಸಿಬಿಡಬೇಕೆ? ಹಾಗಲ್ಲ. ವಂಚಿತಳಾದವಳು ಕ್ಷಮಿಸಲೇಬೇಕೆಂದು ಹೇಳುವ ಅಧಿಕಾರವು ನನಗಿಲ್ಲ. ಬೇರೆಯಾಗಿ ಬಾಳುವುದೂ ಕೆಲವೊಮ್ಮೆ ಧರ್ಮವೇ. ನನ್ನ ಸಿದ್ಧಾಂತವಿಷ್ಟೆ: ಕ್ಷಮಿಸುವುದಾದರೂ ದಂಡಿಸುವುದಾದರೂ ಅಳತೆಯು ಒಂದೇ ಆಗಿರಲಿ, ಮತ್ತು ರೋಗವನ್ನು ಅಪರಾಧಗಳ ಪಟ್ಟಿಯಲ್ಲಿ ಸೇರಿಸದಿರೋಣ.

ಸೊಸೆಯ ಪ್ರಶ್ನೆಗೆ ಅಂದು ಉತ್ತರಿಸದೆ ಎದ್ದುಹೋದೆ. ಮರುದಿನ ಬೆಳಿಗ್ಗೆ ಕೋಸಂಬರಿಯ ವೃತ್ತಾಂತವನ್ನು ಆಕೆಗೆ ಹೇಳಿ, "ಕ್ಷಮೆ ಕೇಳಬೇಕಾದವರಲ್ಲಿ ಮೊದಲನೆಯವನು ಸತೀಶ, ಆ ಪಟ್ಟಿಯಲ್ಲಿ ನನ್ನ ಹೆಸರೂ ಉಂಟಮ್ಮ" ಎಂದೆ. ಆಕೆ ಒಪ್ಪಿದಳೋ ಇಲ್ಲವೋ ತಿಳಿಯದು. ಒಳಗೆ ಹೋಗಿ ಕಾಫಿ ತಂದುಕೊಟ್ಟಳು.