ಕೈಯಲ್ಲಿದ್ದ ಕುಡುಗೋಲು

ನಮ್ಮ ಊರು ಉಗರಗೋಳ. ಸವದತ್ತಿಯ ಯಲ್ಲಮ್ಮನ ಗುಡ್ಡದ ಮಗ್ಗುಲಿಗಿದೆ. ಬನದ ಹುಣ್ಣಿವೆ, ಭಾರತ ಹುಣ್ಣಿವೆಗಳಲ್ಲಿ ಗುಡ್ಡಕ್ಕೆ ಬರುವ ಜನಕ್ಕೆ ಲೆಕ್ಕವಿಲ್ಲ. ಚಕ್ಕಡಿ ಕಟ್ಟಿಕೊಂಡು ಬಂದವರು ದಾರಿಯ ಬದಿಗೆ ಯಾರದೋ ಹೊಲದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಇಟ್ಟು ಒಲೆ ಹೂಡುತ್ತಾರೆ. ಅವರ ಗಂಟಿನಲ್ಲಿ ಕಾಯಿಪಲ್ಲೆ ಹೆಚ್ಚುವ ಚಾಕುವಿರುತ್ತದೆ, ಎತ್ತಿಗೆ ಕಣಿಕೆ ಕತ್ತರಿಸುವ ಕುಡುಗೋಲಿರುತ್ತದೆ. ಹೊಲದ ಒಡೆಯನ ಅಪ್ಪಣೆ ಕೇಳುವವರು ಕಡಿಮೆ. ಆದರೂ, ಇವರು ಆಯುಧ ಹಿಡಿದು ನನ್ನ ಹೊಲ ಹೊಕ್ಕರೆಂದು ಯಾರೊಬ್ಬರೂ ಠಾಣೆಗೆ ಹೋದುದನ್ನು ನಾನು ಕೇಳಿಲ್ಲ.

ಕಾಯದೆಯ ನೋಟವೂ ಇದೇ. ಪರರ ನೆಲದ ಮೇಲೆ ಕಾಲಿಟ್ಟ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಅಪರಾಧ ಮಾಡುವ, ಅಥವಾ ಒಡೆಯನನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶವಿದ್ದರೆ ಮಾತ್ರ ಅದು ದಂಡಾರ್ಹವಾದ ಅತಿಕ್ರಮ ಪ್ರವೇಶ. ಅಂಥ ಉದ್ದೇಶದಿಂದ ಹೊಲ ಹೊಕ್ಕವನಿಗೆ ಹೆಚ್ಚೆಂದರೆ 3 ತಿಂಗಳ ಸೆರೆ. ಮನೆ ಹೊಕ್ಕವನಿಗೆ 1 ವರ್ಷ. ಆದರೆ ಪೆಟ್ಟು ಮಾಡುವುದಕ್ಕೆ, ಇಲ್ಲವೆ ಪೆಟ್ಟಿನ ಭಯವನ್ನು ಹುಟ್ಟಿಸುವುದಕ್ಕೆ ಸಿದ್ಧತೆ ಮಾಡಿಕೊಂಡು ಮನೆ ಹೊಕ್ಕವನಿಗೆ 7 ವರ್ಷದವರೆಗೆ. 1860ರ ದಂಡ ಸಂಹಿತೆಯಲ್ಲಿ 452ನೆಯ ಕಲಮಾಗಿದ್ದ ಈ ಮಾತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 333ನೆಯ ಕಲಮಾಗಿದೆ. ಅಂಕಿ ಬದಲಾಯಿತು, ಸೆರೆಯ ಅವಧಿ ಬದಲಾಗಲಿಲ್ಲ.

ಈ ಕಲಮಿನಲ್ಲಿ ಚಾಕುವಿನ ಹೆಸರಿಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿರುವುದು 'ಸಿದ್ಧತೆ' ಎಂಬ ಮಾತು. ಸಿದ್ಧತೆಯೆಂಬುದು ಮನಸ್ಸಿನ ಸಂಗತಿ. ಮನಸ್ಸು ನ್ಯಾಯಾಧೀಶನ ಕಣ್ಣಿಗೆ ಕಾಣುವಂಥದಲ್ಲ. ಆದುದರಿಂದ ಅವನು ಹೊತ್ತನ್ನು ನೋಡುತ್ತಾನೆ, ಹಿಂದಿನ ಹಗೆಯನ್ನು ನೋಡುತ್ತಾನೆ, ಆಡಿದ ಮಾತನ್ನು ನೋಡುತ್ತಾನೆ. ಎಲ್ಲಕ್ಕಿಂತ ಮೊದಲು ಕೈಯನ್ನು ನೋಡುತ್ತಾನೆ. ಒಂದು ವರ್ಷದ ತಪ್ಪು ಏಳು ವರ್ಷದ ತಪ್ಪಾಗುವುದು ಎಷ್ಟೋ ಸಲ ಅಂಗೈಯಷ್ಟು ಉದ್ದದ ಕಬ್ಬಿಣದಿಂದ. ಕೈಯನ್ನು ನೋಡಿ ಮನಸ್ಸನ್ನು ಓದುವುದು ನ್ಯಾಯವೆ?

ಅಲ್ಲವೆನ್ನಲು ಕಾರಣಗಳುಂಟು. ನಮ್ಮ ಕಡೆಯ ಒಕ್ಕಲಿಗನ ಕೈಯಲ್ಲಿ ಕುಡುಗೋಲಿರುವುದು ಮಾಸ್ತರನ ಕೈಯಲ್ಲಿ ಸುಣ್ಣದ ಕಡ್ಡಿಯಿದ್ದಂತೆ. 1959ರ ಆಯುಧ ಕಾಯದೆ ಕೂಡ ಮನೆಬಳಕೆಗೆಂದೇ, ಒಕ್ಕಲುತನಕ್ಕೆಂದೇ ಮಾಡಿದ ವಸ್ತುಗಳನ್ನು ಆಯುಧದ ಲೆಕ್ಕದಿಂದ ಹೊರಗಿಟ್ಟಿದೆ. ಕೈಯಲ್ಲಿರುವುದನ್ನೇ ಅಪರಾಧವೆಂದು ಬಗೆಯುವ ಆಳ್ವಿಕೆ ಎಲ್ಲಿಗೆ ಮುಟ್ಟೀತೆಂಬುದನ್ನು ನಮ್ಮ ನೆರೆಯ ಮುಧೋಳ ಸೀಮೆ ಕಂಡಿದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂದು ಕುಂಪಣಿ ಸರಕಾರ ಆಜ್ಞೆ ಮಾಡಿದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿದ್ದಿತು, ಹಲವರು ಗಲ್ಲಿಗೇರಿದರು. ಹೆದರಿದ ಸರಕಾರಕ್ಕೆ ಎಲ್ಲ ಕೈಗಳೂ ಒಂದೇ ಬಗೆಯಾಗಿ ಕಾಣುತ್ತವೆ.

ಹಾಗಾದರೆ ಕೈ ಏನನ್ನೂ ಹೇಳುವುದೇ ಇಲ್ಲವೆ? ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ.

ನನಗೆ ಆಗ ಹದಿನೇಳು ವರ್ಷ. ಜೋಳದ ಸುಗ್ಗಿಯ ದಿನ. ಪಕ್ಕದ ಹೊಲದವರು ಬದುವನ್ನು ನಮ್ಮ ಕಡೆಗೆ ಎರಡು ಮೊಳ ಸರಿಸಿದ್ದುದು ಅಂದು ಕಣ್ಣಿಗೆ ಬಿದ್ದಿತು. ಸಂಜೆ ಹೊಲದಿಂದ ನೆಟ್ಟಗೆ ಅವರ ಮನೆಗೆ ನಡೆದೆ. ಕೂಗದೆ, ಕೇಳದೆ ಹೊಸ್ತಿಲು ದಾಟಿದೆ. ಮನೆಯಾತ ಇರಲಿಲ್ಲ. ನಾನು ಚಿಗವ್ವನೆಂದು ಕರೆಯುತ್ತಿದ್ದ ಅವನ ಹೆಂಡತಿ ಒಳಗಿನಿಂದ ಬಂದಳು. ಅವಳು ನನ್ನ ಮುಖ ನೋಡಲಿಲ್ಲ. ನೆಲದ ಮೇಲೆ ಆಡುತ್ತಿದ್ದ ಕೂಸನ್ನು ಎತ್ತಿಕೊಂಡು ಗೋಡೆಗೆ ಸರಿದು ನಿಂತಳು.

"ಯಾಕೋ ತಮ್ಮಾ, ಕುಡಗೋಲ ಹಿಡಕೊಂಡ ಬಂದೀಯಲ್ಲೋ?"

"ಹೊಲದಿಂದ ಹಂಗ ಬಂದೇನಿ, ಚಿಗವ್ವಾ," ಎಂದೆ.

ಅದು ನಿಜ. ಆದರೆ ಅವರ ಮನೆಗೆ ಹೋಗಬೇಕಾದರೆ ನಮ್ಮ ಮನೆಯ ಬಾಗಿಲನ್ನು ದಾಟಿಯೇ ಹೋಗಬೇಕು. ಕುಡುಗೋಲು ಸಿಕ್ಕಿಸುವ ಜಾಗ ನಮ್ಮ ಹೊಸ್ತಿಲಿನ ಒಳಗೇ ಇದ್ದಿತು. ದಿನಾಲು ತಪ್ಪದೆ ಸಿಕ್ಕಿಸುತ್ತಿದ್ದ ಕೈ ಅಂದು ಮರೆಯಿತೆ? ಮರೆಯಬೇಕೆಂದು ಮರೆಯಿತೆ? ಕಡಿಯುವ ವಿಚಾರ ನನ್ನಲ್ಲಿ ಇರಲಿಲ್ಲವೆಂದು ಆಣೆ ಮಾಡಿ ಹೇಳಬಲ್ಲೆ. ಆದರೆ ನನ್ನ ಕೈಯಲ್ಲಿ ಏನಿದೆಯೆಂಬುದು ಆ ಮನೆಯವರಿಗೆ ಕಾಣಲಿ ಎಂಬ ಆಸೆ ಇರಲಿಲ್ಲವೆಂದು ಆಣೆ ಮಾಡಲಾರೆ. ಮೂವತ್ತು ವರ್ಷಗಳ ಹತ್ತಿರ ಬಂದರೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ದೂರು ಠಾಣೆಗೆ ಹೋಗಲಿಲ್ಲ. ಊರ ಹಿರಿಯರು ಅಳತೆ ಮಾಡಿಸಿದರು. ಬದುವಿನ ಮಾತಿನಲ್ಲಿ ನಾನೇ ಸರಿಯೆಂದಾಯಿತು. ಆದರೆ ಅಂದಿನಿಂದ ನಾನು ಆ ಮನೆಗೆ ಹೋದಾಗಲೆಲ್ಲ ಚಿಗವ್ವನ ಕಣ್ಣು ಮೊದಲು ಬೀಳುತ್ತಿದ್ದುದು ನನ್ನ ಕೈಯ ಮೇಲೆ.

ನಮ್ಮ ಗುಡ್ಡದ ತಾಯಿಯ ಕಥೆ ಎಲ್ಲರಿಗೂ ಗೊತ್ತು. ತಂದೆಯ ಮಾತಿಗೆ ಪರಶುರಾಮ ಕೊಡಲಿ ಎತ್ತಿದ. ಆಮೇಲೆ ತಾಯಿ ಬದುಕಲೆಂದು ವರ ಬೇಡಿದ. ಮಹಾಭಾರತ ಇನ್ನೊಂದು ಮಾತನ್ನು ಸೇರಿಸುತ್ತದೆ: ತನ್ನನ್ನು ಕೊಂದುದು ಅವಳ ನೆನಪಿನಲ್ಲಿ ಉಳಿಯದಿರಲೆಂದೂ ಅವನು ಬೇಡಿಕೊಂಡ. ಜೀವ ಮರಳಿದರೆ ಸಾಲದು, ಆ ಗಳಿಗೆಯ ಭಯವೂ ಅಳಿಯಬೇಕೆಂದು ಆ ಮಗನಿಗೆ ಹೊಳೆದಿತ್ತು. ನಾನು ಯಾರನ್ನೂ ಮುಟ್ಟಲಿಲ್ಲ. ಆದರೆ ಚಿಗವ್ವನಿಗೆ ಮರೆವಿನ ವರ ಕೊಡಿಸುವ ಶಕ್ತಿ ನನಗೆಲ್ಲಿಯದು?

ಆದುದರಿಂದ ಭಯ ಹುಟ್ಟಿಸುವ ಸಿದ್ಧತೆಯನ್ನು ಪೆಟ್ಟು ಮಾಡುವ ಸಿದ್ಧತೆಯ ಸಾಲಿನಲ್ಲಿಯೇ ಕೂರಿಸಿದ ಕಾಯದೆಯನ್ನು ನಾನು ದೂರಲಾರೆ. ಗೋಡೆಗೆ ಸರಿದು ನಿಂತವಳಿಗೆ ಅವೆರಡೂ ಒಂದೇ. ಕೋರ್ಟಿನಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲಬೇಕು. ಅದು ಸರಿಯಾದುದೇ, ಇಲ್ಲವಾದರೆ ಹೊಲದಿಂದ ಬರುವ ಪ್ರತಿಯೊಬ್ಬ ಆಳೂ ಅಪರಾಧಿಯಾದಾನು. ನನ್ನ ಮೇಲೆ ಅಂದು ಮೊಕದ್ದಮೆ ನಡೆದಿದ್ದರೆ, ಸುಗ್ಗಿಯ ದಿನವೆಂಬ ಕಾರಣಕ್ಕೆ ಆ ಲಾಭ ನನಗೆ ದೊರೆಯುತ್ತಿತ್ತೇನೋ. ಆದರೆ ಕೋರ್ಟು ನಮಗೆ ಕೊಡಬೇಕಾದ ಆ ಲಾಭವನ್ನು ನಮ್ಮ ಅಂತಃಕರಣ ನಮಗೆ ಕೊಡಬೇಕಾಗಿಲ್ಲ. ನಮ್ಮ ಉದ್ದೇಶ ನಮಗೆ ಸ್ಪಷ್ಟವಾಗಿ ತಿಳಿದಿದೆಯೆಂದು ನಂಬಿಯೇ ನಾವು 'ನಾನೇನೂ ಮಾಡುತ್ತಿರಲಿಲ್ಲ' ಎನ್ನುತ್ತೇವೆ. ಅದು ಅಷ್ಟು ಸ್ಪಷ್ಟವಾಗಿ ತಿಳಿದಿರುವುದಿಲ್ಲ.

ಈಗಲೂ ಸುಗ್ಗಿಗೆ ಊರಿಗೆ ಹೋಗುತ್ತೇನೆ. ಹೊಲದಿಂದ ಬಂದವನು ಮೊದಲು ನಮ್ಮ ಹೊಸ್ತಿಲು ದಾಟಿ ಕುಡುಗೋಲನ್ನು ಅದರ ಜಾಗದಲ್ಲಿ ಸಿಕ್ಕಿಸುತ್ತೇನೆ. ಯಾರ ಮನೆಗೆ ಹೋಗುವುದಿದ್ದರೂ ಅದಾದ ಮೇಲೆಯೇ.