ಜಾತಿ ಕುದುರೆ



"ಜಾತಿ ನಾಯಿ", "ಜಾತಿ ಕುದುರೆ" ಅಂತ ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಒಳ್ಳೆಯ ತಳಿ ಅಂತ ಅರ್ಥ. ಇದೇ ಮಾತು ಹಿಡಿದು ಕೆಲವರು ವಾದಕ್ಕೆ ಬರುತ್ತಾರೆ: ಪ್ರಾಣಿಗಳಲ್ಲೇ ರಕ್ತಕ್ಕೆ ಬೆಲೆ ಇರುವಾಗ ಮನುಷ್ಯರಲ್ಲಿ ಏಕಿರಬಾರದು? ಅವರಿಗೆ ಬೇಕಾದ ಗಟ್ಟಿ ಉದಾಹರಣೆಯನ್ನು ನಾನೇ ಕೊಡುತ್ತೇನೆ.

1850ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಒಂದು ಕುದುರೆ ಮರಿ ಹುಟ್ಟಿತು. ತಂದೆ ಬಾಸ್ಟನ್, ಹೆಸರಾಂತ ರೇಸ್ ಕುದುರೆ. ಮರಿಗೆ ಮೊದಲು ಡಾರ್ಲಿ ಅಂತ ಹೆಸರು. ಮಾರಾಟವಾದ ಮೇಲೆ ಲೆಕ್ಸಿಂಗ್ಟನ್. 7 ರೇಸ್‌ಗಳಲ್ಲಿ 6 ಗೆದ್ದಿತು. 1855ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 4 ಮೈಲಿಯನ್ನು 7 ನಿಮಿಷ 20 ಸೆಕೆಂಡಿನೊಳಗೆ ಓಡಿ ದಾಖಲೆ ಮಾಡಿತು. ಅಷ್ಟರಲ್ಲಿ ಕಣ್ಣು ಹೋಗುತ್ತಿತ್ತು. ಓಟ ನಿಲ್ಲಿಸಿದರು. ಮರುವರ್ಷ ವುಡ್‌ಬರ್ನ್ ಫಾರಂನ ಒಡೆಯ 15,000 ಡಾಲರ್ ಕೊಟ್ಟು ಮರಿ ಹಾಕಿಸಲು ಕೊಂಡ. ಆ ಕುರುಡು ಕುದುರೆಯ ಮಕ್ಕಳು ಎಷ್ಟು ಗೆದ್ದವೆಂದರೆ, ದೇಶದ ಅತ್ಯುತ್ತಮ ಬೀಜದ ಕುದುರೆ ಎಂಬ ಪಟ್ಟ 16 ಬಾರಿ ಅದಕ್ಕೇ ಸಿಕ್ಕಿತು.

ರಕ್ತದ ಮಹಿಮೆಯೇ ಸರಿ. ಆದರೆ ಆ ಬೆಲೆ ಬಂದದ್ದು ಬಾಸ್ಟನ್‌ನ ಮಗ ಎಂಬುದರಿಂದ ಮಾತ್ರ ಅಲ್ಲ, ಅದು ಓಡಿ ತೋರಿಸಿತ್ತು. ಅಪ್ಪ ಗೆದ್ದಿದ್ದ ಅಂತ ಮಗನನ್ನು ಓಡಿಸದೆಯೇ ಕಪ್ ಕೊಡುವ ರೇಸ್ ಎಲ್ಲೂ ಇಲ್ಲ. ನಮ್ಮ ಜಾತಿ ವ್ಯವಸ್ಥೆ ಕೊಡುತ್ತದೆ!

ಅಸ್ಸಲಾಯನ ಸುತ್ತದಲ್ಲಿ ಬುದ್ಧರೂ ಕುದುರೆಯ ಮಾತೆತ್ತುತ್ತಾರೆ. ಹೆಣ್ಣು ಕುದುರೆಗೆ ಕತ್ತೆಯಿಂದ ಹುಟ್ಟಿದ್ದು ಹೇಸರಗತ್ತೆ, ಬೇರೆ ಅಂತ ಕಣ್ಣಿಗೇ ಕಾಣುತ್ತದೆ. ಕ್ಷತ್ರಿಯ ತಂದೆ, ಬ್ರಾಹ್ಮಣ ತಾಯಿಯ ಮಗುವಿನಲ್ಲಿ ಅಂಥದ್ದೇನು ಕಂಡೆ? ಪ್ರಶ್ನೆ ಆ ಬ್ರಾಹ್ಮಣ ಯುವಕನಿಗೆ. ಏನೂ ಕಾಣುವುದಿಲ್ಲ ಎಂದು ಅವನೇ ಒಪ್ಪುತ್ತಾನೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಡಾರ್ಲಿಯನ್ನು ಪಳಗಿಸಿದವರು ಹ್ಯಾರಿ ಲೂಯಿಸ್, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನಾಂಗದವರು. ತಮ್ಮ ಹೆಸರಿನಲ್ಲಿ ಕುದುರೆ ಓಡಿಸಲು ಅವರಿಗೆ ಅವಕಾಶವಿರಲಿಲ್ಲ. ಹಾಗಾಗಿ ಅದು ಓಡಿದ್ದು ಡಾ. ವಾರ್‌ಫೀಲ್ಡ್ ಎಂಬ ಬಿಳಿಯರ ಹೆಸರಿನಲ್ಲಿ. ಲೆಕ್ಸಿಂಗ್ಟನ್‌ನ ಮಗ ಆಸ್ಟೆರಾಯ್ಡ್‌ನನ್ನು ತಯಾರು ಮಾಡಿದ ಆನ್ಸೆಲ್ ವಿಲಿಯಮ್ಸನ್‌ರನ್ನು ವುಡ್‌ಬರ್ನ್‌ನ ಅದೇ ಒಡೆಯ 1864ರಲ್ಲಿ ಗುಲಾಮನೆಂದು ಕೊಂಡಿದ್ದ. ಕುದುರೆಗೂ ಬೆಲೆ, ಪಳಗಿಸುವವನಿಗೂ ಬೆಲೆ. ಬಿಡುಗಡೆಯಾದ ಮೇಲೆ ಇದೇ ವಿಲಿಯಮ್ಸನ್ ತರಬೇತಿ ಕೊಟ್ಟ ಅರಿಸ್ಟೈಡಿಸ್ ಕುದುರೆ 1875ರ ಮೊದಲ ಕೆಂಟಕಿ ಡರ್ಬಿ ಗೆದ್ದಿತು. ಆ ದಿನದ 15 ಸವಾರರಲ್ಲಿ 13 ಮಂದಿ ಕಪ್ಪು ಜನ.

ಲೆಕ್ಸಿಂಗ್ಟನ್ ಹುಟ್ಟಿದ 1850ರಲ್ಲೇ ಅಮೆರಿಕದಲ್ಲಿ ಜನಗಣತಿ ನಡೆಯಿತು. ಗುಲಾಮರಿಗೆ ಬೇರೆಯೇ ಪಟ್ಟಿ. ಮೇಲೆ ಒಡೆಯನ ಹೆಸರು. ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಗುಲಾಮರ ಹೆಸರು ಕೇಳುವ ಅಂಕಣವೇ ಅದರಲ್ಲಿರಲಿಲ್ಲ. ಅದೇ ವರ್ಷದ ಕುದುರೆ ಮರಿಯ ವಂಶಾವಳಿ ಮಾತ್ರ ಇವತ್ತಿಗೂ ಸ್ಪಷ್ಟ: ತಂದೆ ಬಾಸ್ಟನ್, ತಾಯಿ ಆಲಿಸ್ ಕಾರ್ನೀಲ್.