ಯಾರು ಯಾರನ್ನು ಹೊತ್ತರು?

ಶ್ರೀವೈಷ್ಣವರೊಳಗೆ ಒಂದು ಹಳೆಯ ವ್ಯಾಜ್ಯವಿದೆ. ದೇವರು ನಮ್ಮನ್ನು ಕಾಪಾಡುವುದು ಕೋತಿಯ ಹಾಗೋ, ಬೆಕ್ಕಿನ ಹಾಗೋ? ಕೋತಿಮರಿ ತಾಯಿಯ ಹೊಟ್ಟೆಯನ್ನು ಅವಚಿ ಹಿಡಿದಿರಬೇಕು. ಕೈ ಸಡಿಲಿದರೆ ಕೊಂಬೆಯಿಂದ ಕೆಳಗೆ. ಬೆಕ್ಕಿನ ಮರಿಗೆ ಆ ಪಾಡಿಲ್ಲ. ಸುಮ್ಮನೆ ಬಿದ್ದಿದ್ದರಾಯಿತು, ತಾಯಿಯೇ ಬಂದು ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಒಂದು ಮರ್ಕಟಕಿಶೋರ ನ್ಯಾಯ, ಇನ್ನೊಂದು ಮಾರ್ಜಾಲಕಿಶೋರ ನ್ಯಾಯ. ವಡಗಲೆಯವರದು ಕೋತಿ, ತೆಂಗಲೆಯವರದು ಬೆಕ್ಕು. ಈ ಜಗಳ ಮುಂದೆ ಹಣೆಯ ನಾಮದ ಆಕಾರಕ್ಕೆ ಬಂತು, ದೇವಸ್ಥಾನದ ಆನೆಯ ಹಣೆಗೆ ಯಾವ ನಾಮ ಬಳಿಯಬೇಕು ಎನ್ನುವಲ್ಲಿಗೂ ಬಂತು, ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆನೆಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ನಗು ಬರುವ ಸಂಗತಿ ಇದು. ಆದರೆ ಈ ಎರಡು ಮತಗಳು ತಮ್ಮ ಮೂಲಪುರುಷರೆಂದು ಹಿಡಿದಿರುವ ಇಬ್ಬರು ಹಿರಿಯರ ಬದುಕಿನಲ್ಲಿ ಒಂದು ಗಳಿಗೆ ಬಂತು. ಅದನ್ನು ನೆನೆದಾಗಲೆಲ್ಲ ನನ್ನ ನಗು ನಿಲ್ಲುತ್ತದೆ. ಬೆಕ್ಕಿನ ಪಕ್ಷದವರು ಪಿಳ್ಳೈ ಲೋಕಾಚಾರ್ಯರು. ಕೋತಿಯ ಪಕ್ಷದವರು ವೇದಾಂತ ದೇಶಿಕರು. ಗಳಿಗೆ 1323ರದು. ಸ್ಥಳ ಕಾವೇರಿಯ ನಡುಗಡ್ಡೆಯಾದ ಶ್ರೀರಂಗ.

ದೆಹಲಿಯ ಸೈನ್ಯ ದಕ್ಷಿಣಕ್ಕೆ ಇಳಿದಿತ್ತು. ಆಗಿನ ರಾಜಕುಮಾರ ಉಲುಗ್ ಖಾನ್, ಮುಂದೆ ಮುಹಮ್ಮದ್ ಬಿನ್ ತುಘಲಕ್ ಎಂದು ಹೆಸರಾದವನು, ಅದರ ದಂಡನಾಯಕ. ಮುಂದಿನ ಕಥೆಯನ್ನು ಹೇಳುವುದು ದೇವಸ್ಥಾನದ ವೃತ್ತಾಂತವಾದ ‘ಕೋಯಿಲ್ ಒಳುಗು’ ಮತ್ತು ಗುರುಪರಂಪರೆಯ ಕಥನಗಳು. ಇವನ್ನು ಇತಿಹಾಸಕಾರರು ಜರಡಿ ಹಿಡಿದೇ ಓದುತ್ತಾರೆ, ಓದಲೂ ಬೇಕು. ಆದರೆ ಒಂದು ಜನ ತಮಗೆ ಬಂದ ಅತಿ ದೊಡ್ಡ ಕಷ್ಟವನ್ನು ಹೇಗೆ ನೆನಪಿಟ್ಟುಕೊಂಡರು ಎಂಬುದೂ ಒಂದು ಸತ್ಯವೇ. ಸೈನ್ಯ ಹತ್ತಿರ ಬಂದ ಸುದ್ದಿ ಮುಟ್ಟಿದಾಗ ಊರಿನವರು ಗರ್ಭಗುಡಿಯ ಮುಂದೆ ಕಲ್ಲಿನ ಗೋಡೆ ಎಬ್ಬಿಸಿ ಮಲಗಿದ ರಂಗನಾಥನನ್ನು ಮರೆಮಾಡಿದರಂತೆ. ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿಟ್ಟು, ಮುಪ್ಪಿನ ಮುಪ್ಪಾಗಿದ್ದ ಲೋಕಾಚಾರ್ಯರು ಕೆಲವೇ ಜನರೊಂದಿಗೆ ತೆಂಕಣದ ಕಾಡುದಾರಿ ಹಿಡಿದರಂತೆ. ಹಿಂದೆ ಉಳಿದವರಲ್ಲಿ ಹನ್ನೆರಡು ಸಾವಿರ ತಲೆ ಉರುಳಿದವು ಎಂಬುದು ಪರಂಪರೆಯ ಲೆಕ್ಕ. ಲೆಕ್ಕ ಹೆಚ್ಚಿರಬಹುದು, ದುಃಖ ಹೆಚ್ಚಿರಲಾರದು.

ಪಲ್ಲಕ್ಕಿಯ ದಾರಿಯೂ ಸುಖದ್ದಾಗಿರಲಿಲ್ಲ. ಕಾಡಿನಲ್ಲಿ ಕಳ್ಳರು ಅಡ್ಡಗಟ್ಟಿ ಒಡವೆ ದೋಚಿದರು ಎನ್ನುತ್ತಾರೆ. ಮಧುರೆಯ ಬಳಿಯ ಜ್ಯೋತಿಷ್ಕುಡಿ ಎಂಬ ಹಳ್ಳಿಯಲ್ಲಿ ಲೋಕಾಚಾರ್ಯರು ತೀರಿಕೊಂಡರು. ದೇವರು ಮುಂದೆ ಹೋದ.

ಊರೊಳಗೆ ಉಳಿದವರಲ್ಲಿ ದೇಶಿಕರೂ ಒಬ್ಬರು. ಸುದರ್ಶನ ಸೂರಿ ಎಂಬ ವಿದ್ವಾಂಸರು ತಮ್ಮ ಇಬ್ಬರು ಗಂಡುಮಕ್ಕಳನ್ನೂ, ರಾಮಾನುಜರ ಶ್ರೀಭಾಷ್ಯಕ್ಕೆ ತಾವು ಬರೆದ ‘ಶ್ರುತಪ್ರಕಾಶಿಕೆ’ಯ ಓಲೆಗರಿಗಳನ್ನೂ ದೇಶಿಕರ ಕೈಗೆ ಒಪ್ಪಿಸಿ ಸತ್ತರಂತೆ. ಆ ರಾತ್ರಿ ದೇಶಿಕರು ಮಕ್ಕಳನ್ನೂ ಗ್ರಂಥವನ್ನೂ ಅಡಗಿಸಿಕೊಂಡು ಹೆಣಗಳ ನಡುವೆ ಹೆಣದಂತೆ ಮಲಗಿದ್ದರಂತೆ. ಬೆಳಗಾಗಿ, ಸದ್ದಡಗಿದ ಮೇಲೆ ಎದ್ದು, ಕಾವೇರಿಯ ಮೇಲ್ದಿಕ್ಕಿಗೆ ನಡೆದು ಕನ್ನಡನಾಡಿನ ಸತ್ಯಗಾಲ ಸೇರಿದರು.

ಈಗ ಬೆಕ್ಕು-ಕೋತಿಯ ವ್ಯಾಜ್ಯಕ್ಕೆ ತಿರುಗಿ ಬನ್ನಿ. ‘ನೀನೇನೂ ಮಾಡಬೇಕಾಗಿಲ್ಲ, ಅವನೇ ಕಚ್ಚಿ ಎತ್ತಿಕೊಂಡು ಹೋಗುತ್ತಾನೆ’ ಎಂದು ಕಲಿಸಿದ ಗುರು ಆ ವಯಸ್ಸಿನಲ್ಲಿ ದೇವರನ್ನೇ ಎತ್ತಿಕೊಂಡು ಕಾಡು ಹೊಕ್ಕರು. ‘ನೀನು ಹಿಡಿಯಬೇಕು, ಹಿಡಿದುಕೊಳ್ಳುವ ಅಷ್ಟು ಕೆಲಸ ನಿನ್ನದು’ ಎಂದು ಕಲಿಸಿದ ಗುರು ಕೈಕಾಲು ಆಡಿಸದೆ ಹೆಣಗಳ ನಡುವೆ ಬಿದ್ದಿದ್ದರು. ಇಬ್ಬರ ಸಿದ್ಧಾಂತವೂ ಆ ರಾತ್ರಿ ಅದಲುಬದಲಾಗಿತ್ತು. ಬೆಕ್ಕು-ಕೋತಿಯ ಹಣೆಪಟ್ಟಿ ಗಟ್ಟಿಯಾದದ್ದು ಅವರ ಕಾಲದ ಎಷ್ಟೋ ನಂತರ, ನಿಜ. ಆದರೂ ಶರಣಾಗತಿಯ ಮೇಲೆ ಅಷ್ಟೊಂದು ಬರೆದ ಆ ಇಬ್ಬರಿಗೆ ವಿಧಿ ಒಡ್ಡಿದ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಅದಲಿಬದಲಿಯಾಗಿ ಬಂದಿದ್ದವು. ಇಬ್ಬರೂ ಬಂದದ್ದಕ್ಕೆ ಉತ್ತರ ಬರೆದರು.

ಶರಣಾಗತಿಗೆ ಹಿರಿಯರು ಹೇಳಿರುವ ಅಂಗಗಳಲ್ಲಿ ‘ಮಹಾವಿಶ್ವಾಸ’ ಒಂದು. ಅವನು ಕಾಪಾಡಿಯೇ ಕಾಪಾಡುತ್ತಾನೆ ಎಂಬ ನಂಬಿಕೆ ಅದು. ಬರಿಯ ವಿಶ್ವಾಸ ಸಾಲದು ಎಂದಲ್ಲವೇ ‘ಮಹಾ’ ಸೇರಿಸಿದ್ದು? ಮಳೆ ಬೆಳೆ ಚೆನ್ನಾಗಿದ್ದಾಗ ನಂಬುವುದಕ್ಕೆ ಯಾವ ವಿಶೇಷಣವೂ ಬೇಕಾಗಿಲ್ಲ. ದೇವರ ಊರೇ ಹೊತ್ತಿ ಉರಿಯುತ್ತಿರುವಾಗ, ದೇವರೇ ತಲೆಮರೆಸಿಕೊಂಡು ಕಾಡಿನಲ್ಲಿ ಅಲೆಯುತ್ತಿರುವಾಗ ‘ಕಾಪಾಡು’ ಎಂದು ಯಾರನ್ನು ಕೇಳುವುದು?

ದೇಶಿಕರು ಕೇಳಿದರು. ಸತ್ಯಗಾಲದಲ್ಲಿದ್ದಾಗ ಅವರು ಬರೆದರೆಂದು ಪರಂಪರೆ ಹೇಳುವ ಸಂಸ್ಕೃತ ಸ್ತೋತ್ರದ ಹೆಸರು ‘ಅಭೀತಿಸ್ತವ’. ಭಯವಿಲ್ಲದಿರುವಿಕೆಯನ್ನು ಬೇಡುವ ಇಪ್ಪತ್ತೊಂಬತ್ತು ಶ್ಲೋಕಗಳು. ಅದರಲ್ಲಿ ನನ್ನನ್ನು ಬೆರಗುಗೊಳಿಸುವುದು ಬೇಡಿಕೆಯ ದಿಕ್ಕು. ತನಗೆ ಬಂದ ಭಯವನ್ನು ಹೇಳಿಕೊಂಡು ಹೊರಟ ಕವಿ ಕೊನೆಗೆ ಬಂದು ನಿಲ್ಲುವುದು ಶ್ರೀರಂಗದ ಭಯದ ಬಳಿ: ನಿನ್ನ ಊರಿಗೆ ಬಂದ ಭೀತಿ ತೊಲಗಲಿ, ಅಲ್ಲಿ ನಿನ್ನ ಸೇವೆ ಮತ್ತೆ ನಡೆಯಲಿ. ಕಾಯುವವನ ಕ್ಷೇಮವನ್ನು ಕಾಯುವವನ ಬಳಿಯೇ ಬೇಡಿಕೊಳ್ಳುವುದು. ತರ್ಕಕ್ಕೆ ಇದು ನಿಲ್ಲುವುದಿಲ್ಲ. ತರ್ಕದಲ್ಲಿ ದೇಶಿಕರನ್ನು ಮೀರಿಸಿದವರು ಆ ಕಾಲದಲ್ಲಿ ಹೆಚ್ಚು ಜನ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಸತ್ಯಗಾಲ ಇವತ್ತಿಗೂ ಇದೆ, ಕೊಳ್ಳೇಗಾಲ ತಾಲ್ಲೂಕಿನಲ್ಲಿ, ಶಿವನಸಮುದ್ರದ ಮಗ್ಗುಲಲ್ಲಿ. ಭತ್ತ, ಕಬ್ಬು, ಭರಚುಕ್ಕಿ-ಗಗನಚುಕ್ಕಿ ನೋಡಲು ಹೊರಟ ಕಾರುಗಳು. ಕಾವೇರಿಯ ನಡುಗಡ್ಡೆಗಳಲ್ಲಿ ಮೂರು ಕಡೆ ರಂಗನಾಥ ಮಲಗಿದ್ದಾನೆಂದು ನಮ್ಮ ಕಡೆ ಹೇಳುತ್ತೇವಲ್ಲ: ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ. ಮಧ್ಯರಂಗನ ಪಕ್ಕದಲ್ಲಿ ಕೂತು ಅಂತ್ಯರಂಗನ ಚಿಂತೆ ಮಾಡುತ್ತಿದ್ದ ಆ ಹಿರಿಯರ ಕಾಲಬುಡದಲ್ಲಿ ಹರಿಯುತ್ತಿದ್ದ ನೀರು ಜಲಪಾತ ಧುಮುಕಿ, ಮಲೆ ದಾಟಿ, ಕೆಲ ದಿನಗಳಲ್ಲಿ ಶ್ರೀರಂಗವನ್ನು ಎರಡು ತೋಳಿನಿಂದ ಬಳಸುತ್ತಿತ್ತು. ಅವರು ಹೋಗಲಾರದ ಊರಿಗೆ ಹೊಳೆ ದಿನವೂ ಹೋಗುತ್ತಿತ್ತು. ಇದು ಅವರ ಮನಸ್ಸಿಗೆ ಹೊಳೆಯದೆ ಇದ್ದೀತೇ?

ಇತ್ತ ಉತ್ಸವಮೂರ್ತಿಯ ಅಲೆದಾಟ ಕೇರಳದ ಕಡೆಯಿಂದ ಗುಂಡ್ಲುಪೇಟೆಯ ಬಳಿಯ ತೆರಕಣಾಂಬಿ, ಅಲ್ಲಿಂದ ಮೇಲುಕೋಟೆ, ಕೊನೆಗೆ ತಿರುಮಲೆ ಎಂದು ಸಾಗಿತು. ತಿರುಮಲೆಯ ದೇವಸ್ಥಾನದ ಒಳಗೆ ರಂಗನಾಯಕ ಮಂಟಪ ಎಂಬುದಿದೆ. ಆ ಅತಿಥಿ ಇದ್ದ ಜಾಗ. ಮೇಲುಕೋಟೆಗಂತೂ ಇಂಥ ನೆಂಟರು ಹೊಸಬರಲ್ಲ. ಚೋಳರಾಜನ ಕಾಟಕ್ಕೆ ಶ್ರೀರಂಗ ಬಿಟ್ಟ ರಾಮಾನುಜರು ಹಿಂದೆ ಬಂದು ನೆಲೆಸಿದ್ದು ಅದೇ ಬೆಟ್ಟದಲ್ಲಿ. ಅಲ್ಲಿಯ ಉತ್ಸವಮೂರ್ತಿಯನ್ನು ಅವರು ‘ಚೆಲುವಪಿಳ್ಳೆ’ ಎಂದು ಕೂಸನ್ನು ಕರೆದ ಹಾಗೆ ಕರೆದರು, ಅದು ನಡೆದುಬಂದು ಅವರ ಮಡಿಲೇರಿತು ಎಂಬ ಕಥೆ ಮಂಡ್ಯದ ಕಡೆಯ ಮಕ್ಕಳಿಗೂ ಗೊತ್ತು. ಲೋಕವನ್ನೇ ಹೊತ್ತವನು ಒಬ್ಬ ಸಂನ್ಯಾಸಿಯ ತೊಡೆಯ ಮೇಲೆ.

ಕಾಯುವವನನ್ನೇ ಕಾಯುವ ಈ ಪರಿ ಆಚಾರ್ಯರ ಪಾಂಡಿತ್ಯಕ್ಕೆ ಮಾತ್ರ ಹೊಳೆದ ಬೆಡಗು ಎಂದುಕೊಳ್ಳಬೇಡಿ. ನಮ್ಮ ಹಳ್ಳಿಗಳ ಮಾರಮ್ಮನ ಗುಡಿಯಲ್ಲೂ ಇದೇ ನಡೆಯುತ್ತದೆ. ಸಿಡುಬು ಬಂದಾಗ ಹೆಂಗಸರು ಮಾಡುತ್ತಿದ್ದುದೇನು? ಅಮ್ಮನಿಗೆ ತಂಪು ಎರೆಯುತ್ತಿದ್ದರು. ಬೇವಿನ ಸೊಪ್ಪು, ಅರಿಶಿನದ ನೀರು, ಮೊಸರನ್ನ, ತಂಬಿಟ್ಟು. ಮನೆಯಲ್ಲಿ ಒಗ್ಗರಣೆ ಚಟಪಟ ಅನ್ನಬಾರದು, ಯಾರೂ ಗಟ್ಟಿಯಾಗಿ ಬೈಯಬಾರದು, ಅಮ್ಮನಿಗೆ ಉರಿಯಾದೀತು. 1898ರಲ್ಲಿ ಪ್ಲೇಗು ರೈಲು ಹತ್ತಿ ಬೆಂಗಳೂರಿಗೆ ಬಂದಾಗ ಜನ ಆ ಹೊಸ ಕಾಯಿಲೆಗೂ ಒಬ್ಬ ತಾಯಿಯನ್ನು ಕಂಡುಕೊಂಡರು. ಪ್ಲೇಗ್ ಮಾರಮ್ಮನ ಗುಡಿಗಳು ನಗರದಲ್ಲಿ ಇಂದಿಗೂ ಇವೆ. ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಜನವೂ, ಆ ಅಮ್ಮನಿಗೆ ಪೂಜೆ ಮಾಡಿದ ಜನವೂ ಬೇರೆಬೇರೆಯಲ್ಲ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹೊತ್ತು ತರುತ್ತದೆಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದು ಅದೇ 1898ರಲ್ಲಿ, ಮತ್ತು ವರ್ಷಗಟ್ಟಲೆ ಅವನ ಮಾತನ್ನು ವೈದ್ಯಲೋಕವೇ ನಂಬಲಿಲ್ಲ. ಮನೆಮನೆಗೆ ಔಷಧ ಎರಚುತ್ತಿದ್ದ ಅಧಿಕಾರಿಗೂ ಬೇವು ಹಿಡಿದ ಅಜ್ಜಿಗೂ, ಇಬ್ಬರಿಗೂ ಶತ್ರುವಿನ ಗುರುತು ಗೊತ್ತಿರಲಿಲ್ಲ. ಅಜ್ಜಿಗೆ ಒಂದು ಕೆಲಸವಾದರೂ ಇತ್ತು: ಬಿಸಿಯಾದವಳನ್ನು ತಂಪು ಮಾಡುವುದು.

ಕಷ್ಟ ಮಿತಿಮೀರಿದಾಗ ಮನುಷ್ಯನನ್ನು ಮೊದಲು ಮುರಿಯುವುದು ನೋವಲ್ಲ ಎಂದು ನನಗನ್ನಿಸುತ್ತದೆ. ತನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಎಂಬ ಭಾವ ಅವನನ್ನು ಮುರಿಯುತ್ತದೆ. ದೊಡ್ಡಾಸ್ಪತ್ರೆಗಳ ತೀವ್ರನಿಗಾ ಘಟಕದ ಹೊರಗೆ ಚಾಪೆ ಹಾಸಿಕೊಂಡು ಕೂತವರನ್ನು ನೋಡಿ. ಒಳಗೆ ಬಿಡುವುದಿಲ್ಲ, ಡಾಕ್ಟರು ಮಾತಾಡುವುದಿಲ್ಲ, ಹಣ ಕಟ್ಟುವುದೊಂದೇ ಅವರ ಪಾಲಿನ ಕೆಲಸ. ಅಂಥ ಕಡೆ ಒಬ್ಬ ಹೆಂಗಸು ಚೀಲದಿಂದ ಅಂಗೈಯಗಲದ ದೇವರ ಪಟ ತೆಗೆದು, ಸೆರಗಿನಿಂದ ಧೂಳು ಒರೆಸಿ, ಬಿದ್ದೀತೆಂದು ಗೋಡೆಗೆ ಒರಗಿಸಿ, ಊಟದ ಡಬ್ಬಿಯನ್ನು ಅದರ ಮುಂದೆ ಒಂದು ಗಳಿಗೆ ಇಟ್ಟು ಆಮೇಲೆ ಮುಚ್ಚಳ ತೆಗೆಯುತ್ತಾಳೆ. ಕಾಪಾಡು ಎಂದು ಬಂದವಳು ಮೊದಲು ಮಾಡಿದ್ದು ಅವನನ್ನು ನೋಡಿಕೊಳ್ಳುವ ಕೆಲಸ. ಅವಳ ಕೈ ನಡುಗುವುದು ಆಗ ನಿಲ್ಲುತ್ತದೆ. ಅದು ದೇವರ ರಕ್ಷೆಯೇ ಎಂದು ಕೇಳುವವರು ಕೇಳಲಿ. ನಾನು ಹೌದೆನ್ನುವ ಪಕ್ಷ.

‘ಆಗುವುದೆಲ್ಲ ಒಳ್ಳೆಯದಕ್ಕೇ’ ಎನ್ನುವವರನ್ನು ಮಾತ್ರ ನನಗೆ ಸಹಿಸಲಾಗುವುದಿಲ್ಲ. ಸಾವಿನ ಮನೆಗೆ ಬಂದು ಕಾಫಿ ಕುಡಿಯುತ್ತ ಈ ಮಾತಾಡುವವರು ಎಲ್ಲ ಊರಲ್ಲೂ ಇದ್ದಾರೆ. ಸುದರ್ಶನ ಸೂರಿಗಳು ಸತ್ತದ್ದು ಯಾರ ಒಳ್ಳೆಯದಕ್ಕೆ? ಅವರ ನಂಬಿಕೆ ದೇಶಿಕರದಕ್ಕಿಂತ ಕಡಿಮೆಯಿತ್ತೇ? ಲೋಕಾಚಾರ್ಯರು ಹಳ್ಳಿಯೊಂದರಲ್ಲಿ ಕಣ್ಣು ಮುಚ್ಚಿದಾಗ ಪಲ್ಲಕ್ಕಿ ಶ್ರೀರಂಗಕ್ಕೆ ತಿರುಗಿ ಹೋಗುತ್ತದೆಂಬ ಯಾವ ಸುಳಿವೂ ಇರಲಿಲ್ಲ. ಪರಂಪರೆಯವರು ಇದಕ್ಕೆ ಕಾರಣ ಕಟ್ಟಲು ಹೆಚ್ಚು ಶ್ರಮಪಟ್ಟಂತೆ ಕಾಣುವುದಿಲ್ಲ. ಯಾರು ಸತ್ತರು, ಯಾರು ಹೊತ್ತರು, ಯಾವ ಊರಲ್ಲಿ ತಂಗಿದರು, ಇಷ್ಟನ್ನು ಮರೆಯದೆ ಹೇಳಿಕೊಂಡು ಬಂದರು. ಆ ಸಂಯಮ ನನಗೆ ಎಷ್ಟೋ ವ್ಯಾಖ್ಯಾನಗಳಿಗಿಂತ ದೊಡ್ಡದೆನಿಸುತ್ತದೆ.

1371ರಲ್ಲಿ ಉತ್ಸವಮೂರ್ತಿ ಶ್ರೀರಂಗಕ್ಕೆ ಮರಳಿತು. ವಿಜಯನಗರದ ಕುಮಾರ ಕಂಪಣನ ಅಧಿಕಾರಿ ಗೋಪಣ್ಣ ಅದನ್ನು ತಂದು ಪ್ರತಿಷ್ಠೆ ಮಾಡಿಸಿದ; ಆ ಸಂಗತಿಯ ಶಾಸನ ದೇವಸ್ಥಾನದಲ್ಲಿದೆ. ಆದರೆ ಊರಿಗೆ ಬಂದ ದೇವರನ್ನು ಊರೇ ಗುರುತು ಹಿಡಿಯಲಿಲ್ಲ. ಹೋದದ್ದನ್ನು ಕಂಡವರಲ್ಲಿ ಹೆಚ್ಚಿನವರು ಕಾಲವಾಗಿದ್ದರು. ನಡುವೆ ಪೂಜೆ ನಿಲ್ಲಬಾರದೆಂದು ಮತ್ತೊಂದು ಮೂರ್ತಿಯನ್ನು ಮಾಡಿಸಿ ಇಟ್ಟಿದ್ದರು. ಈಗ ಎರಡಾದವು. ಯಾವುದು ಅವನು?

ಆಗ ಕರೆತಂದದ್ದು ಒಬ್ಬ ಮುದಿ ಮಡಿವಾಳನನ್ನು ಎನ್ನುತ್ತದೆ ಕಥೆ. ದೇವರ ಬಟ್ಟೆ ಒಗೆಯುವುದು ಅವನ ಕಸುಬು. ಕಣ್ಣು ಹೋಗಿತ್ತು. ಹಿಂದೆ ಅಭಿಷೇಕದ ಒದ್ದೆಬಟ್ಟೆ ಹಿಂಡಿದ ನೀರನ್ನು ತೀರ್ಥವೆಂದು ಅವನು ಕುಡಿಯುತ್ತಿದ್ದನಂತೆ. ಎರಡೂ ಮೂರ್ತಿಗಳಿಗೆ ಅಭಿಷೇಕ ಮಾಡಿ ಎರಡರ ಬಟ್ಟೆಯ ನೀರನ್ನೂ ಅವನ ಕೈಗೆ ಹಾಕಿದರು. ಒಂದರ ರುಚಿ ನಾಲಿಗೆಗೆ ತಾಕಿದ ಕೂಡಲೇ ಅವನು ‘ಇವರೇ ನಮ್ಮ ಪೆರುಮಾಳ್’ ಎಂದು ಕೂಗಿದನಂತೆ. ಆ ಮೂರ್ತಿಗೆ ನಂಪೆರುಮಾಳ್ ಎಂಬ ಹೆಸರು ನಿಂತದ್ದು ಅಂದಿನಿಂದ. ಅಷ್ಟೊಂದು ಮಂದಿ ವಿದ್ವಾಂಸರಿದ್ದ ಊರಲ್ಲಿ ಸಾಕ್ಷಿ ನುಡಿಯಲು ಉಳಿದದ್ದು ಒಬ್ಬ ಅಗಸನ ನಾಲಿಗೆ. ಅರ್ಧ ಶತಮಾನದ ಹತ್ತಿರ ಅವನು ಯಾರ ಬಟ್ಟೆ ಒಗೆದ, ಯಾವ ನೀರು ಕುಡಿದು ಕಾದ ಎಂದು ಕಥೆ ಹೇಳುವುದಿಲ್ಲ.

ಇನ್ನೊಂದು ಮೂರ್ತಿಯನ್ನು ಏನು ಮಾಡಿದರು? ನಿಜವಾದವನು ಬಂದನೆಂದು ಅದನ್ನು ಹೊರಗೆ ಕಳಿಸಲಿಲ್ಲ. ‘ತಿರುವರಂಗ ಮಾಳಿಗೈಯಾರ್’ ಎಂಬ ಹೆಸರಿನಿಂದ ಅದು ಗರ್ಭಗುಡಿಯಲ್ಲಿಯೇ ಉಳಿಯಿತು. ಯಾಗಶಾಲೆಯ ಕೆಲಸಗಳಿಗೆ ಇಂದಿಗೂ ಹೊರಡುವುದು ಆ ಮೂರ್ತಿಯೇ. ಆ ಕೆಟ್ಟ ವರ್ಷಗಳಲ್ಲಿ ಹುಟ್ಟಿ, ಅದರ ಮುಂದೆಯೇ ಅತ್ತು, ಅದನ್ನೇ ನಂಬಿ ಸತ್ತವರೂ ಇದ್ದರಲ್ಲ. ನೀವು ಕೈಮುಗಿದದ್ದು ಬೇರೆ ಯಾರಿಗೋ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ, ಹೇಳಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.